ಕಿವಿಯೊಳಗಿನ ಕೆರೆ ಮತ್ತು ಅದರ ತೂಬುಗಳು

ನಮ್ಮ ಸಂಘದ ಸಾಹಿತ್ಯ ಸಮ್ಮೇಳನ ನಡೆದಾಗಲೆಲ್ಲ ಸಭಾಂಗಣದ ಮುಂದಿನ ಎರಡು ಸಾಲುಗಳು ಎಲ್ಲಕ್ಕಿಂತ ಮೊದಲು ತುಂಬುತ್ತವೆ. ಅಲ್ಲಿ ಕುಳಿತವರು ಗಣ್ಯರಿರಬೇಕೆಂದು ಹೊರಗಿನಿಂದ ಬಂದ ಅತಿಥಿಗಳು ಭಾವಿಸುವುದುಂಟು. ನಿಜವೆಂದರೆ ಅವರು ಕಿವಿ ಮಂದವಾದ ನಮ್ಮ ಹಿರಿಯರು. ಉಪನ್ಯಾಸಕರು ಮೂರು ವಾಕ್ಯ ಆಡುವುದರೊಳಗೆ ಆ ಸಾಲುಗಳಿಂದ ಒಂದು ಕೈ ಮೇಲೇಳುತ್ತದೆ. ಮೈಕಿನ ಹುಡುಗ ಓಡಿ ಬರುತ್ತಾನೆ. ಇದನ್ನು ನಾವೆಲ್ಲ ನೋಡಿ ನಕ್ಕಿದ್ದೇವೆ. ಈ ಬಾರಿಯ ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕೆಂದು ಸಂಪಾದಕ ಬಳಗ ಕೇಳಿದಾಗ, ಆ ಎತ್ತಿದ ಕೈಗಳ ಚರಿತ್ರೆಯನ್ನೇ ಬರೆಯಬಾರದೇಕೆ ಎನ್ನಿಸಿತು.

ಮೊದಲು ಊರಿನ ಮಾತು. ಸಿಂಗಾನಲ್ಲೂರು ಎಂದೊಡನೆ ಕರ್ನಾಟಕದ ನೆಂಟರು ವರನಟ ಡಾ. ರಾಜ್‌ಕುಮಾರ್ ಅವರನ್ನು ನೆನೆಯುತ್ತಾರೆ. ಅವರ ಹೆಸರಿಗೆ ಅಂಟಿದ ಸಿಂಗಾನಲ್ಲೂರು ಕೊಳ್ಳೇಗಾಲದ ಕಡೆಯದು; ನಮ್ಮದು ಕೊಯಮತ್ತೂರಿನ ಪೂರ್ವ ಅಂಚಿನದು. ಆದರೂ ಅವರದು ಪೂರ್ತಿ ತಪ್ಪಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಈ ಭಾಗದ ದೇವಾಂಗ ನೇಕಾರರ ಮನೆಗಳಲ್ಲಿ ತಲೆತಲಾಂತರದಿಂದ ಕನ್ನಡವೇ ಮನೆಮಾತು. ಕುಲದೇವತೆ ಚೌಡೇಶ್ವರಿ, ಕುಲವೃತ್ತಿ ಮಗ್ಗ. 1888ರಲ್ಲಿ ಕೊಯಮತ್ತೂರಿನ ಮೊದಲ ನೂಲಿನ ಮಿಲ್ಲು ಆರಂಭವಾಯಿತು. 1930ರ ದಶಕದ ಆದಿಯಲ್ಲಿ ನೀಲಗಿರಿಯ ಪೈಕಾರಾದಿಂದ ಜಲವಿದ್ಯುತ್ತು ಇಳಿದು ಬಂದ ಮೇಲೆ ಮಿಲ್ಲುಗಳು ಒಂದರ ಹಿಂದೊಂದರಂತೆ ಎದ್ದವು, ಸಿಂಗಾನಲ್ಲೂರು ಮಿಲ್ಲುಗಳ ಊರಾಯಿತು. ಕೈಮಗ್ಗದ ಲಾಳಿಯ ಸದ್ದಿಗೆ ಹೊಂದಿಕೊಂಡಿದ್ದ ಕಿವಿಗಳು ಯಂತ್ರಮಗ್ಗದ ಆರ್ಭಟದ ನಡುವೆ ಪಾಳಿಯ ಮೇಲೆ ಪಾಳಿ ಕಳೆದವು. ನೇಯ್ಗೆಯ ವಿಭಾಗದಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ ಸಂಗತಿ. ಅಲ್ಲಿ ಮಾತು ಕೈಸನ್ನೆಯಲ್ಲಿ, ತುಟಿಯ ಚಲನೆಯಲ್ಲಿ ನಡೆಯುತ್ತಿತ್ತು. ಮನೆಗೆ ಬಂದ ಮೇಲೂ ತಾತಂದಿರು ಗಟ್ಟಿ ದನಿಯಲ್ಲೇ ಮಾತಾಡುತ್ತಿದ್ದರು. ಅದನ್ನು ಸಿಟ್ಟೆಂದು ತಿಳಿದು ನಾವು ಹೆದರುತ್ತಿದ್ದೆವು.

ಗದ್ದಲದ ಕೆಲಸ ಕಿವಿಯನ್ನು ಕೊಲ್ಲುತ್ತದೆ ಎಂಬುದು ಹೊಸ ಅರಿವಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಜಿನಿ ವೆನಿಸ್ಸಿನ ತಾಮ್ರ ಬಡಿಯುವವರ ಕಿವುಡುತನವನ್ನು ದಾಖಲಿಸಿದ್ದ. ಆದರೆ ನಮ್ಮ ಬೀದಿಗಳಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿತ್ತು. ಅಕ್ಕಪಕ್ಕದ ಮಗ್ಗಗಳಲ್ಲಿ ಮೂವತ್ತು ವರ್ಷ ನಿಂತ ಇಬ್ಬರು. ಒಬ್ಬರಿಗೆ ಇಂದಿಗೂ ಸೊಳ್ಳೆಯ ಗುಂಯ್‌ಗುಟ್ಟುವಿಕೆ ಕೇಳಿಸುತ್ತದೆ, ಇನ್ನೊಬ್ಬರಿಗೆ ಬಾಗಿಲು ಬಡಿದದ್ದೂ ಕೇಳಿಸದು. ಕಾರಣವೇನು? ಹಿರಿಯರು ಹಣೆಬರಹ ಎಂದರು. ವಿಜ್ಞಾನ ಕೊಡುವ ಉತ್ತರದಲ್ಲಿ ಒಂದು ಪಾಲು ಬೂದಿಯಿಂದ ಹೊರಡುತ್ತದೆ.

ಅಜ್ಜಿಯರು ಒಲೆಯ ಬೂದಿಯಲ್ಲಿ ಪಾತ್ರೆ ತಿಕ್ಕುತ್ತಿದ್ದುದು ನಮ್ಮಲ್ಲಿ ಹಲವರಿಗೆ ನೆನಪಿದೆ. ಸೌದೆಯ ಬೂದಿಯನ್ನು ನೀರಿನಲ್ಲಿ ಕದಡಿ, ಸೋಸಿ, ಇಂಗಿಸಿದರೆ ಸಿಗುವ ಕ್ಷಾರವೇ ಪೊಟ್ಯಾಷ್. 1807ರಲ್ಲಿ ಲಂಡನ್ನಿನಲ್ಲಿ ಹಂಫ್ರಿ ಡೇವಿ ಅದನ್ನು ಕರಗಿಸಿ, ವಿದ್ಯುತ್ತು ಹಾಯಿಸಿ, ಒಂದು ಹೊಸ ಲೋಹವನ್ನು ಬೇರ್ಪಡಿಸಿದ. ಅದು ಪೊಟ್ಯಾಸಿಯಂ. ಸೋಡಿಯಂ ಅದರ ಒಡಹುಟ್ಟು. ಅದನ್ನೂ ಅದೇ ವರ್ಷ ಅವನೇ ಬೇರ್ಪಡಿಸಿದ. ಇವೆರಡರ ಹಂಚಿಕೆಯ ಮೇಲೆ ಜೀವಿಗಳ ನರಗಳೆಲ್ಲ ನಿಂತಿವೆ. ನಮ್ಮ ಜೀವಕೋಶಗಳ ಒಳಗೆ ಪೊಟ್ಯಾಸಿಯಂ ಹೆಚ್ಚು. ಕೋಶದ ಹೊರಗೆ, ರಕ್ತದಲ್ಲಿ, ಬೆವರಿನಲ್ಲಿ ಸೋಡಿಯಂ ಹೆಚ್ಚು. ದೇಹದಲ್ಲಿ ಎಲ್ಲೆಲ್ಲೂ ಇದೇ ಕಟ್ಟಳೆ. ಒಳಗಿವಿಯಲ್ಲಿ ಮಾತ್ರ ಅದು ತಲೆಕೆಳಗಾಗಿದೆ.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುರುಳಿಗೊಂಡ ಒಂದು ಅಂಗವಿದೆ. ವೈದ್ಯರು ಅದನ್ನು ಕಾಕ್ಲಿಯಾ ಎನ್ನುತ್ತಾರೆ. ಕರ್ಣಶಂಖ ಎಂದರೆ ನಮ್ಮ ಕಿವಿಗೆ ಹಿತ. ಬಿಡಿಸಿ ಹಾಸಿದರೆ ಅದರ ಉದ್ದ ಸುಮಾರು 35 ಮಿಲಿಮೀಟರು. 1851ರಲ್ಲಿ ಅಲ್ಫೊನ್ಸೊ ಕೊರ್ಟಿ ಎಂಬ ಇಟಲಿಯವನು ಸೂಕ್ಷ್ಮದರ್ಶಕದ ಕೆಳಗೆ ಅದರ ಒಳಪದರವನ್ನು ಕಂಡು ವರ್ಣಿಸಿದ. ಅಲ್ಲಿ ಸಾಲುಸಾಲಾಗಿ ನಿಂತ ಕೋಶಗಳಿದ್ದವು, ಅವುಗಳ ತಲೆಯ ಮೇಲೆ ಕೂದಲಿನಂಥ ಎಳೆಗಳಿದ್ದವು. ಇವುಗಳನ್ನು ರೋಮಕೋಶಗಳೆನ್ನೋಣ. ಒಂದು ಕಿವಿಯಲ್ಲಿ ಒಳಸಾಲಿನವು ಸುಮಾರು 3,500, ಹೊರಸಾಲುಗಳವು ಸುಮಾರು 12,000. ಹುಟ್ಟುವಾಗ ಬಂದಷ್ಟೇ, ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಮೊಳೆಯದು. ಶಂಖದ ಪಕ್ಕದ ಗೋಡೆಯಲ್ಲಿ ರಕ್ತನಾಳಗಳಿಂದ ದಟ್ಟವಾದ ಒಂದು ಪಟ್ಟಿಯನ್ನೂ ಕೊರ್ಟಿ ಗುರುತಿಸಿದ್ದ. ಅದರ ಕೆಲಸವೇನೆಂದು ತಿಳಿಯಲು ಇನ್ನೂ ನೂರು ವರ್ಷ ಬೇಕಾಯಿತು. ಈ ನಡುವೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಕಿವಿಯೊಳಗೆ ತಂತಿವಾದ್ಯವೊಂದಿದೆ, ಪ್ರತಿ ಸ್ವರಕ್ಕೂ ಒಂದೊಂದು ಎಳೆ ಮಿಡಿಯುತ್ತದೆ ಎಂದ. ಬುಡಾಪೆಸ್ಟಿನ ದೂರವಾಣಿ ಪ್ರಯೋಗಾಲಯದಲ್ಲಿ ಕೆಲಸಮಾಡುತ್ತಿದ್ದ ಬೇಕೇಶಿ ಶವಗಳ ಕರ್ಣಶಂಖವನ್ನು ತೆರೆದು, ಸದ್ದು ಅಲ್ಲಿ ಅಲೆಯಾಗಿ ಸಾಗುವುದನ್ನು ಕಣ್ಣಾರೆ ಕಂಡ. 1961ರ ನೊಬೆಲ್ ಪ್ರಶಸ್ತಿ ಅವನಿಗೆ ಬಂದದ್ದು ಈ ಕೆಲಸಕ್ಕೆ.

ನಮ್ಮ ಕಥೆಗೆ ಬೇಕಾದದ್ದು ಬೇಕೇಶಿಯ ಮತ್ತೊಂದು ಕೆಲಸ. ಅಮೆರಿಕಕ್ಕೆ ಹೋದ ಮೇಲೆ, 1952ರಲ್ಲಿ, ಅವನು ಗಿನಿ ಇಲಿಯ ಕರ್ಣಶಂಖದ ನಡುಗಾಲುವೆಗೆ ಸೂಕ್ಷ್ಮ ತಂತಿ ಇಳಿಸಿದಾಗ, ಸದ್ದೇ ಇಲ್ಲದಾಗಲೂ ಅಲ್ಲಿ ಸುಮಾರು 80 ಮಿಲಿವೋಲ್ಟಿನ ಧನವಿದ್ಯುತ್ತು ನಿಂತಿರುವುದು ಕಂಡುಬಂತು. ಎರಡು ವರ್ಷಗಳ ಬಳಿಕ ಸೇಂಟ್ ಲೂಯಿಯಲ್ಲಿ ಕ್ಯಾಥರೀನ್ ಸ್ಮಿತ್ ಮತ್ತು ಸಂಗಡಿಗರು ಆ ಕಾಲುವೆಯ ರಸವನ್ನು ಹೀರಿ ತೆಗೆದು ಲವಣಗಳನ್ನು ಅಳೆದರು. ಒಂದು ಹನಿಗಿಂತಲೂ ಎಷ್ಟೋ ಕಡಿಮೆ ರಸ ಅದು. ಆ ಕಾಲದ ಉಪಕರಣಗಳಲ್ಲಿ ಅದನ್ನು ಅಳೆದವರ ಕೈಹದಕ್ಕೆ ನಮ್ಮ ನೇಕಾರರೂ ತಲೆದೂಗಿಯಾರು. ಆ ರಸ ಕೋಶದ ಹೊರಗಿದ್ದರೂ ಅದರಲ್ಲಿ ತುಂಬಿದ್ದುದು ಪೊಟ್ಯಾಸಿಯಂ. ಸೋಡಿಯಂ ಇಲ್ಲವೆನ್ನುವಷ್ಟು ಕಡಿಮೆ. ಸುತ್ತಲಿನ ಕಾಲುವೆಗಳ ರಸ ಮಾತ್ರ ಎಂದಿನಂತೆ ಸೋಡಿಯಮ್ಮಿನದು. ಪೊಳ್ಳಾಚಿಯ ಪಕ್ಕದಲ್ಲಿರುವ ನಮಗೆ ಹೀಗೆ ಹೇಳಿದರೆ ತಿಳಿದೀತು: ನಡುವಿನ ರಸ ಎಳನೀರಿನ ಜಾತಿ, ಸುತ್ತಲಿನದು ಬೆವರಿನ ಜಾತಿ. ಎಳನೀರು ಕುಡಿದರೆ ಕಿವಿ ಚುರುಕಾದೀತೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಆಗದು. ಈ ರಸವನ್ನು ಕಿವಿ ತಾನೇ ಕಾಯ್ದುಕೊಳ್ಳುತ್ತದೆ, ಊಟದಿಂದ ಅದು ಏರಿಳಿಯುವುದಿಲ್ಲ.

ಕಾಯ್ದುಕೊಳ್ಳುವ ಬಗೆಗೆ ನಮ್ಮ ಊರಿನಲ್ಲೇ ಹೋಲಿಕೆಯಿದೆ. ನೊಯ್ಯಲ್ ನದಿಯ ನೀರನ್ನು ಅಣೆಕಟ್ಟುಗಳಲ್ಲಿ ತಿರುಗಿಸಿ, ಕಾಲುವೆಗಳ ಮೂಲಕ ಕೆರೆಯಿಂದ ಕೆರೆಗೆ ಸಾಗಿಸುವ ಹಳೆಯ ಏರ್ಪಾಡಿನಲ್ಲಿ ಸಿಂಗಾನಲ್ಲೂರು ಕೆರೆಯೂ ಒಂದು. ಕೆರೆ ತುಂಬಿ ನಿಲ್ಲಬೇಕು. ತೂಬು ಎತ್ತಿದಾಗ ನೀರು ತಾನಾಗಿ ಇಳಿದು ಗದ್ದೆಗೆ ಹರಿಯಬೇಕು. ಹರಿದದ್ದು ಕೆಳಗಿನ ಕೆರೆಗೆ ಸೇರಬೇಕು. ಕಿವಿಯ ಕೆರೆಯನ್ನು ತುಂಬಿಸುವುದು ಕೊರ್ಟಿ ಕಂಡ ಆ ರಕ್ತನಾಳಗಳ ಪಟ್ಟಿ. ಅದು ಶಕ್ತಿ ವ್ಯಯಿಸಿ ಪೊಟ್ಯಾಸಿಯಮ್ಮನ್ನು ಮೇಲಕ್ಕೆತ್ತಿ ನಡುಗಾಲುವೆಗೆ ಸುರಿಯುತ್ತದೆ. ಸದ್ದಿನ ಅಲೆ ಬಂದು ರೋಮಕೋಶದ ಕೂದಲನ್ನು ಬಾಗಿಸಿದಾಗ ಅಲ್ಲಿನ ಸೂಕ್ಷ್ಮ ರಂಧ್ರಗಳು ತೆರೆದುಕೊಳ್ಳುತ್ತವೆ, ಪೊಟ್ಯಾಸಿಯಂ ಕೋಶದೊಳಕ್ಕೆ ಧುಮ್ಮಿಕ್ಕುತ್ತದೆ, ಕೋಶ ನರಕ್ಕೆ ಸುದ್ದಿ ಮುಟ್ಟಿಸುತ್ತದೆ. ಒಳಬಂದ ಪೊಟ್ಯಾಸಿಯಂ ಕೋಶದ ಬುಡದಲ್ಲಿರುವ ಬೇರೆ ತೂಬುಗಳಿಂದ ಕೆಳಗಿನ ಸೋಡಿಯಂ ರಸಕ್ಕೆ ಇಳಿದುಹೋಗುತ್ತದೆ. ಬರುವಾಗಲೂ ಇಳಿಜಾರು, ಹೋಗುವಾಗಲೂ ಇಳಿಜಾರು. ರೋಮಕೋಶಕ್ಕೆ ದುಡಿಮೆ ಕಡಿಮೆ. ಎತ್ತುವ ದುಡಿಮೆಯನ್ನೆಲ್ಲ ದೂರದ ಪಟ್ಟಿಗೆ ವಹಿಸಿರುವುದರಿಂದ ಕೇಳುವ ಜಾಗದಲ್ಲಿ ರಕ್ತನಾಳಗಳ ಸಂದಣಿ ಬೇಕಿಲ್ಲ. ಇದ್ದಿದ್ದರೆ ನಾವು ನಮ್ಮ ನಾಡಿಬಡಿತವನ್ನೇ ಕೇಳುತ್ತ ಕೂರಬೇಕಾಗುತ್ತಿತ್ತೋ ಏನೋ.

ಕಿವಿಯ ಪಕ್ಕದ ಗೋಡೆ ಒಂದು ಬ್ಯಾಟರಿ, ರೋಮಕೋಶ ಅದರ ಸ್ವಿಚ್ಚು ಎಂಬ ಈ ಚಿತ್ರವನ್ನು ಅಮೆರಿಕದ ಹಾಲೊವೆಲ್ ಡೇವಿಸ್ ಸ್ಪಷ್ಟವಾಗಿ ಬಿಡಿಸಿದ್ದು 1965ರಲ್ಲಿ. ಅದೇ 1965ರಲ್ಲಿ ಮೈಸೂರಿನಲ್ಲಿ ಈಗ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎಂದು ಹೆಸರಾದ ಸಂಸ್ಥೆ ಹುಟ್ಟಿತು. ಎರಡಕ್ಕೂ ಸಂಬಂಧವಿಲ್ಲ, ಆದರೂ ಒಂದೇ ವರ್ಷ ಎಂಬುದು ನಮಗೆ ಹಿತವೆನಿಸುತ್ತದೆ. ಸತ್ಯಮಂಗಲ ದಾಟಿ, ದಿಂಬಂ ಘಟ್ಟ ಹತ್ತಿ, ಚಾಮರಾಜನಗರದ ಮೇಲೆ ಮಾನಸಗಂಗೋತ್ರಿಯ ಆ ಅಂಗಳಕ್ಕೆ ಮಕ್ಕಳನ್ನು ಕರೆದೊಯ್ದ ಕುಟುಂಬಗಳು ನಮ್ಮ ನಡುವೆ ಇವೆ.

ತೂಬುಗಳ ಮಾತಿಗೆ ಬರೋಣ. ಪೊಟ್ಯಾಸಿಯಮ್ಮನ್ನು ಮಾತ್ರ ಬಿಟ್ಟು, ಅದಕ್ಕಿಂತ ಚಿಕ್ಕದಾದ ಸೋಡಿಯಮ್ಮನ್ನು ತಡೆಯುವ ರಂಧ್ರ ಹೇಗೆ ಸಾಧ್ಯ? ದೊಡ್ಡದು ನುಸುಳುವಲ್ಲಿ ಚಿಕ್ಕದು ನುಸುಳಬಾರದೇಕೆ? ರೊಡೆರಿಕ್ ಮೆಕಿನನ್ ಎಂಬ ವಿಜ್ಞಾನಿ 1998ರಲ್ಲಿ ಅಂಥ ಕಾಲುವೆಯೊಂದರ ರಚನೆಯನ್ನು ಕ್ಷಕಿರಣದಿಂದ ಬಿಡಿಸಿ ತೋರಿಸಿದಾಗ ಉತ್ತರ ಸಿಕ್ಕಿತು. ನೀರಿನಲ್ಲಿರುವ ಪೊಟ್ಯಾಸಿಯಂ ನೀರಿನ ಅಣುಗಳ ಹೊದಿಕೆ ಹೊದ್ದಿರುತ್ತದೆ. ಕಾಲುವೆಯ ಗಂಟಲಿನಲ್ಲಿ ಆಮ್ಲಜನಕದ ಪರಮಾಣುಗಳು ಅದೇ ಹೊದಿಕೆಯ ಅಳತೆಗೆ ಸರಿಯಾಗಿ ಸಾಲುಗಟ್ಟಿವೆ. ಹೊದಿಕೆ ಕಳಚಿಟ್ಟ ಪೊಟ್ಯಾಸಿಯಮ್ಮಿಗೆ ಗಂಟಲೇ ಹೊದಿಕೆಯಾಗುತ್ತದೆ. ಸೋಡಿಯಂ ಚಿಕ್ಕದು, ಆ ಗಂಟಲಿನ ಅಳತೆ ಅದಕ್ಕೆ ಸಡಿಲ, ಹಾಗಾಗಿ ಹೊದಿಕೆ ಕಳಚಲು ಅದು ಒಪ್ಪದು. 2003ರಲ್ಲಿ ಇದಕ್ಕೆ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಇಲ್ಲೊಂದು ಸೂಕ್ಷ್ಮವಿದೆ: ರೋಮಕೋಶದ ಕೂದಲ ತುದಿಯ ರಂಧ್ರ ಪೊಟ್ಯಾಸಿಯಮ್ಮಿಗಷ್ಟೇ ಮೀಸಲಾದುದಲ್ಲ, ಆ ರಸದಲ್ಲಿ ಇರುವುದೇ ಅದಾದ್ದರಿಂದ ಅದು ಹರಿಯುತ್ತದೆ. ನಿಜವಾದ ಪೊಟ್ಯಾಸಿಯಂ ತೂಬುಗಳಿರುವುದು ಕೋಶದ ಬುಡದಲ್ಲಿ ಮತ್ತು ಪಕ್ಕದ ಪಟ್ಟಿಯಲ್ಲಿ.

ತೂಬು ಹರಿಸುವುದಷ್ಟೇ ಅಲ್ಲ, ಶ್ರುತಿಯನ್ನೂ ಹಿಡಿಯುತ್ತದೆ ಎಂದು ತೋರಿಸಿದ್ದು ಆಮೆ. ಕೇಂಬ್ರಿಜ್ಜಿನ ಕ್ರಾಫರ್ಡ್ ಮತ್ತು ಫೆಟಿಪ್ಲೇಸ್ 1981ರಲ್ಲಿ, ಆಮೆಯ ಪ್ರತಿ ರೋಮಕೋಶವೂ ತನ್ನದೇ ಸ್ವರಕ್ಕೆ ವಿದ್ಯುತ್ತಿನಿಂದ ಮಿಡಿಯುವುದನ್ನು ಕಂಡರು. ಪೊಟ್ಯಾಸಿಯಂ ಕಾಲುವೆಗಳು ಬೇಗ ತೆರೆದು ಮುಚ್ಚುವ ಕೋಶ ಎತ್ತರದ ಸ್ವರಕ್ಕೆ, ನಿಧಾನದವು ಮಂದ್ರಕ್ಕೆ. ಹೆಲ್ಮ್‌ಹೋಲ್ಟ್ಸ್ ಹುಡುಕಿದ ತಂತಿಗಳು ಆಮೆಯ ಮಟ್ಟಿಗೆ ಕಾಲುವೆಗಳಾಗಿದ್ದವು! ನಮ್ಮ ಕಿವಿ ಶ್ರುತಿ ಹಿಡಿಯುವ ಕ್ರಮ ಬೇರೆ.

ಈಗ ಅಕ್ಕಪಕ್ಕದ ಮಗ್ಗಗಳ ಇಬ್ಬರಿಗೆ ಮರಳೋಣ. 1999ರಲ್ಲಿ ಹ್ಯಾಂಬರ್ಗಿನ ಥಾಮಸ್ ಯೆಂಚ್ ಅವರ ಪ್ರಯೋಗಾಲಯ ಹೊರಸಾಲಿನ ರೋಮಕೋಶಗಳ ಬುಡದ ತೂಬನ್ನು ಕಟ್ಟುವ ಜೀನನ್ನು ಗುರುತಿಸಿತು. ಅದರ ಹೆಸರು ಕೆಸಿಎನ್‌ಕ್ಯೂ4. ಮೊದಲ ಅಕ್ಷರ ಪೊಟ್ಯಾಸಿಯಮ್ಮಿನ ಸಂಕೇತ. ಈ ಜೀನಿನಲ್ಲಿ ತೀವ್ರ ದೋಷವಿರುವ ಮನೆತನಗಳಲ್ಲಿ ಹುಟ್ಟುವಾಗ ಕೇಳುವ ಮಕ್ಕಳು ಯೌವನದಿಂದಾಚೆಗೆ ಎತ್ತರದ ಸ್ವರಗಳಿಂದ ಮೊದಲ್ಗೊಂಡು ಶ್ರವಣ ಕಳೆದುಕೊಳ್ಳುತ್ತ ಹೋಗುತ್ತಾರೆ. ಪೊಟ್ಯಾಸಿಯಂ ಹೊರಹೋಗಲಾರದೆ ಕೋಶಗಳು ವರ್ಷಗಳ ಕಾಲ ಬಸವಳಿದು ಸಾಯುತ್ತವೆ. ಆಮೇಲೆ ಸ್ವೀಡನ್ ಮತ್ತು ಪೋಲೆಂಡಿನ ಸಂಶೋಧಕರು ಗದ್ದಲದ ಕಾರ್ಖಾನೆಗಳ ಕಾರ್ಮಿಕರಲ್ಲಿ ಬೇಗ ಕಿವಿ ಕಳೆದುಕೊಂಡವರನ್ನೂ ಉಳಿಸಿಕೊಂಡವರನ್ನೂ ಹೋಲಿಸಿದಾಗ, ಪೊಟ್ಯಾಸಿಯಮ್ಮಿನ ಹರಿವಿಗೆ ಸೇರಿದ ಜೀನುಗಳ ಕೆಲವು ಸಣ್ಣ ಬದಲಾವಣೆಗಳು ಎರಡು ಗುಂಪಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿದ್ದವು. ವ್ಯತ್ಯಾಸ ದೊಡ್ಡದಲ್ಲ, ಮಗ್ಗದ ಸದ್ದಿನ ಹೊಣೆಯನ್ನು ಅದು ಇಳಿಸುವುದೂ ಇಲ್ಲ. ಕಿವಿಗೆ ಮುಚ್ಚಳ ಕೊಡದೆ ದುಡಿಸಿಕೊಂಡವರು ಜೀನಿನ ಮರೆಯಲ್ಲಿ ಅವಿತುಕೊಳ್ಳಲಾರರು. ಸದ್ದಿನಿಂದ ಬರುವ ಕಿವುಡುತನ ನೌಕರರ ರಾಜ್ಯ ವಿಮಾ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೇ ಇತ್ತು. ಅದು ತಿಳಿಯದೆಯೇ ಮುಂದಿನ ಸಾಲಿನ ಎಷ್ಟೋ ಹಿರಿಯರು ನಿವೃತ್ತರಾದರು.

ಮಕ್ಕಳ ವಿಷಯ ಇನ್ನೂ ಗಂಭೀರ. 1856ರಲ್ಲಿ ಲೈಪ್‌ಜಿಗ್ಗಿನ ವೈದ್ಯ ಮೈಸ್ನರ್ ತನ್ನ ಪುಸ್ತಕದಲ್ಲಿ ಒಬ್ಬ ಹುಟ್ಟುಕಿವುಡು ಹುಡುಗಿಯ ಸಂಗತಿ ಬರೆದಿದ್ದಾನೆ. ಶಾಲೆಯಲ್ಲಿ ಯಾವುದೋ ಸಣ್ಣ ತಪ್ಪಿಗೆ ಅವಳನ್ನು ಮುಖ್ಯಸ್ಥರ ಮುಂದೆ ಕರೆದರು. ಅವಳು ಅಲ್ಲಿಯೇ ಕುಸಿದು ಸತ್ತಳು. ಸುದ್ದಿ ಮುಟ್ಟಿದಾಗ ತಂದೆತಾಯಿಗೆ ಅಚ್ಚರಿಯಾಗಲಿಲ್ಲ. ಅವರ ಇನ್ನಿಬ್ಬರು ಮಕ್ಕಳು ಹಾಗೆಯೇ, ಒಂದು ಹೆದರಿಕೆ, ಒಂದು ಸಿಟ್ಟಿನ ಬೆನ್ನಿಗೆ ಹೋಗಿದ್ದರಂತೆ. ನೂರು ವರ್ಷ ಇದು ಬರಿಯ ವಿಚಿತ್ರ ಕಥೆಯಾಗಿ ಉಳಿಯಿತು. 1957ರಲ್ಲಿ ನಾರ್ವೆಯ ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಎಂಬ ವೈದ್ಯರು ಒಂದೇ ಮನೆಯ ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರೂ ಪದೇಪದೇ ಮೂರ್ಛೆ ಹೋಗುವವರೂ ಆಗಿದ್ದುದನ್ನು ವರದಿ ಮಾಡಿದರು. ಮೂವರು ಬಾಲ್ಯದಲ್ಲೇ ಹಠಾತ್ತನೆ ತೀರಿಕೊಂಡಿದ್ದರು. ತಂದೆತಾಯಿಯ ಕಿವಿ ಸರಿಯಾಗಿತ್ತು. ಆದರೆ ವೈದ್ಯರು ಮಕ್ಕಳ ಹೃದಯದ ಇಸಿಜಿ ತೆಗೆದಾಗ ಕ್ಯೂಟಿ ಎಂಬ ಅಂತರ ಅಸಹಜವಾಗಿ ಉದ್ದವಾಗಿತ್ತು.

ಕಿವಿಗೂ ಹೃದಯಕ್ಕೂ ಏನು ನಂಟು? ಉತ್ತರ ಬಂದದ್ದು 1997ರಲ್ಲಿ. ಕೆಸಿಎನ್‌ಕ್ಯೂ1 ಮತ್ತು ಅದರ ಜೊತೆಗಾರ ಕೆಸಿಎನ್‌ಇ1 ಎಂಬ ಎರಡು ಜೀನುಗಳು ಸೇರಿ ಕಟ್ಟುವ ಒಂದೇ ಪೊಟ್ಯಾಸಿಯಂ ತೂಬು ಎರಡು ಕಡೆ ದುಡಿಯುತ್ತದೆ. ಕಿವಿಯ ಪಕ್ಕದ ಪಟ್ಟಿಯಲ್ಲಿ ಅದು ಕೆರೆಯನ್ನು ತುಂಬಿಸುತ್ತದೆ. ಹೃದಯದಲ್ಲಿ, ಪ್ರತಿ ಬಡಿತದ ಬಳಿಕ ಸ್ನಾಯುವನ್ನು ಮುಂದಿನ ಬಡಿತಕ್ಕೆ ಅಣಿಗೊಳಿಸಲು ನೆರವಾಗುತ್ತದೆ. ಆ ತೂಬು ಕೆಟ್ಟರೆ ಕಿವಿಯ ಕೆರೆ ಬತ್ತುತ್ತದೆ. ಆ ಜೊತೆಗಾರ ಜೀನನ್ನು ಕಳಚಿದ ಇಲಿಗಳಲ್ಲಿ ನಡುಗಾಲುವೆಯೇ ಕುಸಿದು ಮುಚ್ಚಿಹೋದದ್ದನ್ನು ಅದಕ್ಕೆ ಒಂದು ವರ್ಷ ಮೊದಲು ಕಂಡಿದ್ದರು. ಹೃದಯ ಮಾತ್ರ ಸಾಮಾನ್ಯ ದಿನಗಳಲ್ಲಿ ಹೇಗೋ ನಡೆಯುತ್ತದೆ. ಓಟ, ಈಜು, ಹಠಾತ್ ಹೆದರಿಕೆ, ಸಿಟ್ಟು ಬಂದಾಗ ಲಯ ತಪ್ಪುತ್ತದೆ.

ಇದು ಅತಿ ವಿರಳ; ಹುಟ್ಟುಕಿವುಡು ಮಕ್ಕಳಲ್ಲೂ ಸಾವಿರಕ್ಕೆ ಕೆಲವರಲ್ಲಿ ಮಾತ್ರ. ಹಾಗಿದ್ದೂ ಇದನ್ನು ಸಂಘದ ಸಂಚಿಕೆಯಲ್ಲಿ ಬರೆಯಲು ಕಾರಣ ನಮ್ಮ ಮದುವೆಗಳು. ಈ ದೋಷ ಮಗುವಿಗೆ ಬರಬೇಕಾದರೆ ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ಜೀನು ಬರಬೇಕು. ಇಬ್ಬರೂ ಒಂದೊಂದನ್ನು ಹೊತ್ತವರಾದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಭಾರತದಲ್ಲಿ ಹುಟ್ಟುಕಿವುಡಿಗೆ ಹೆಚ್ಚಾಗಿ ಕಾರಣವಾಗುವ ಕನೆಕ್ಸಿನ್ 26 ಎಂಬ ಜೀನಿನ ದೋಷವೂ ಹೀಗೆಯೇ ಇಳಿಯುತ್ತದೆ; ಅದಕ್ಕೂ ಕಿವಿಯಲ್ಲಿ ಪೊಟ್ಯಾಸಿಯಮ್ಮಿನ ಸಾಗಣೆಗೂ ಸಂಬಂಧವಿದೆಯೆಂದು ಬಹುಕಾಲ ನಂಬಿದ್ದರು, ಈಗ ಆ ಬಗ್ಗೆ ವಾದವಿದೆ. ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆಗಳಲ್ಲಿ ಒಂದೇ ಅಜ್ಜಅಜ್ಜಿಯ ಜೀನು ಎರಡು ದಾರಿಯಿಂದ ಬಂದು ಕೂಡುವುದು ಸುಲಭ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳು ಬೆಂಗಳೂರು, ಮೈಸೂರುಗಳ ನವಜಾತ ಶಿಶುಗಳ ನಡುವೆ ನಡೆಸಿದ ದೊಡ್ಡ ಅಧ್ಯಯನದಲ್ಲಿ ರಕ್ತಸಂಬಂಧದ ಮದುವೆಗಳು ಮೂರರಲ್ಲಿ ಒಂದರ ಸಮೀಪ ಇದ್ದವು. ಅವುಗಳಲ್ಲಿ ಸೋದರಮಾವನ ಮದುವೆಗಳೇ ಹೆಚ್ಚು. ಗಡಿಯ ಈಚೆಗಿನ ನಮ್ಮ ಮನೆಗಳ ವಂಶವೃಕ್ಷ ಬರೆಯಲು ಕುಳಿತರೂ ಗೆರೆಗಳು ಬೇಗನೆ ಒಂದನ್ನೊಂದು ದಾಟುತ್ತವೆ. ಆ ಮದುವೆಗಳನ್ನು ನಾವು ಹಳಿಯುತ್ತಿಲ್ಲ. ಚದುರಿದ ನೇಕಾರ ಕುಟುಂಬಗಳನ್ನೂ ಭಾಷೆಯನ್ನೂ ಈ ನೆಲದಲ್ಲಿ ಉಳಿಸಿದವು ಅವೇ. ಮಗು ಕಿವುಡಾಗಿ ಹುಟ್ಟಿದಾಗ ಗ್ರಹಣವನ್ನೋ ತಾಯಿಯ ನಡತೆಯನ್ನೋ ದೂರುವ ರೂಢಿಯನ್ನು ಮಾತ್ರ ಹಳಿಯುತ್ತೇವೆ.

ಮಗು ಬಿದ್ದರೆ ನಮ್ಮಲ್ಲಿ ಮೊದಲು ಕೈಗೆ ಕಬ್ಬಿಣದ ಬೀಗದಕೈ ಕೊಡುತ್ತೇವೆ, ಮೂಗಿಗೆ ಈರುಳ್ಳಿ ಹಿಡಿಯುತ್ತೇವೆ. ಎದ್ದು ಕೂತರೆ ಮೂರ್ಛೆರೋಗವೆಂದು ಮಂತ್ರದ ದಾರ. ಆಸ್ಪತ್ರೆಗೆ ಹೋದವರಿಗೂ ಎಷ್ಟೋ ಸಲ ಮೂರ್ಛೆರೋಗದ ಮಾತ್ರೆಯೇ ಸಿಗುತ್ತದೆ, ಏಕೆಂದರೆ ಕಿವುಡಿನ ಸುದ್ದಿ ಒಂದು ಕೋಣೆಯಲ್ಲಿ, ಬಿದ್ದ ಸುದ್ದಿ ಇನ್ನೊಂದು ಕೋಣೆಯಲ್ಲಿ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಹೇಳಬೇಕಾದವರು ಮನೆಯವರು. ಇಸಿಜಿ ಹತ್ತು ನಿಮಿಷದ ಕೆಲಸ, ಸಣ್ಣ ಆಸ್ಪತ್ರೆಯಲ್ಲೂ ಆಗುತ್ತದೆ. ಹುಟ್ಟುಕಿವುಡು ಮಗುವಿಗೆ ಒಮ್ಮೆ ಅದನ್ನು ತೆಗೆಸಬೇಕು. ಕಾಕ್ಲಿಯಾದ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವ ಮುನ್ನ ತೆಗೆಸಲೇಬೇಕು. ದೋಷ ಕಂಡರೆ ತಂದೆತಾಯಿಗೂ ಒಡಹುಟ್ಟಿದವರಿಗೂ ತೆಗೆಸಬೇಕು. ಒಂದೇ ಕೆಟ್ಟ ಜೀನು ಹೊತ್ತು, ಕಿವಿ ಚೆನ್ನಾಗಿದ್ದರೂ ಹೃದಯದಲ್ಲಿ ಅಪಾಯ ಇರುವವರುಂಟು. ಬೀಟಾ ಬ್ಲಾಕರ್ ಎಂಬ ಹಳೆಯ ಮಾತ್ರೆಗಳು ಬಹಳಷ್ಟು ಮಕ್ಕಳನ್ನು ಕಾಯುತ್ತವೆ. ಸಾಲದಿದ್ದರೆ ಎದೆಯಲ್ಲಿ ಅಳವಡಿಸುವ ಯಂತ್ರವಿದೆ. ಕ್ಯೂಟಿಯನ್ನು ಇನ್ನಷ್ಟು ಎಳೆಯುವ ಔಷಧಿಗಳನ್ನು, ಕೆಲವು ಸಾಮಾನ್ಯ ಪ್ರತಿಜೀವಕಗಳನ್ನೂ ಸೇರಿಸಿ, ಇವರಿಗೆ ಕೊಡಬಾರದು. ಕಾಕ್ಲಿಯಾ ಸಾಧನ ನೇರವಾಗಿ ನರವನ್ನು ಮಿಡಿಯುವುದರಿಂದ ಬತ್ತಿದ ಕೆರೆಯ ಕಿವಿಯಲ್ಲೂ ಅದು ಕೆಲಸ ಮಾಡುತ್ತದೆ. ತಮಿಳುನಾಡಿನಲ್ಲಿ ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯಡಿ ಎಳೆಯ ಮಕ್ಕಳಿಗೆ ಆ ಶಸ್ತ್ರಚಿಕಿತ್ಸೆ ದೊರೆಯುತ್ತದೆ. ತಡವಾದಷ್ಟೂ ಮಾತು ಕಲಿಯುವ ವಯಸ್ಸು ಜಾರುತ್ತದೆ.

ಮಗುವಿನ ಕಿವಿಯನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಪರೀಕ್ಷಿಸುವ ವಿಧಾನಕ್ಕೂ ಈ ತೂಬುಗಳೇ ಆಧಾರ. ಲಂಡನ್ನಿನ ಡೇವಿಡ್ ಕೆಂಪ್ 1978ರಲ್ಲಿ, ಆರೋಗ್ಯವಂತ ಕಿವಿ ಸದ್ದನ್ನು ಕೇಳುವುದಷ್ಟೇ ಅಲ್ಲ, ತಾನೂ ಕ್ಷೀಣವಾಗಿ ಸದ್ದನ್ನು ಹೊರಡಿಸುತ್ತದೆ ಎಂದು ತೋರಿಸಿದ. ಹೊರಸಾಲಿನ ರೋಮಕೋಶಗಳು ಕುಣಿಯುವುದರಿಂದ ಹುಟ್ಟುವ ಸದ್ದು ಅದು; ಕೆರೆಯಲ್ಲಿ ಪೊಟ್ಯಾಸಿಯಂ ತುಂಬಿದ್ದರೆ ಮಾತ್ರ ಅವು ಕುಣಿದಾವು. ಮಲಗಿದ ಕೂಸಿನ ಕಿವಿಗೆ ಮೆತ್ತನೆಯ ಬಿರಡೆಯಿಟ್ಟು ಸಣ್ಣ ಟಿಕ್ ಸದ್ದು ಕೇಳಿಸಿ, ಕಿವಿಯಿಂದ ಮರುದನಿ ಬಂತೇ ಎಂದು ಯಂತ್ರ ಕಾಯುತ್ತದೆ. ಸೂಜಿಯಿಲ್ಲ, ನೋವಿಲ್ಲ, ಕೂಸು ಏಳುವುದೂ ಇಲ್ಲ. ಕೆಲವು ನಿಮಿಷಗಳಲ್ಲಿ ಮುಗಿದು, ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ಮೊದಲೇ ಫಲಿತಾಂಶದ ಚೀಟಿ ತಾಯಿಯ ಕೈಯಲ್ಲಿರುತ್ತದೆ.